ಮೆಟ್ಟಿಲು ಎಂಬ ಹೆಸರಿನ ಸದ್ದು

ಭಾನುವಾರ, ಅತ್ತೆ ಮಲಗಿರುವ ಹೊತ್ತು

ಗದ್ದಲದ ದೊರೆಗಳ ಸನ್ನಿಧಿಗೆ,

ಇದು ಕೆಲಸದ ಪತ್ರ. ಮೊದಲೇ ಹೇಳಿಬಿಡುತ್ತೇನೆ, ಮನಸ್ಸಿನಲ್ಲಿ ಬೇರೇನನ್ನೂ ಕಟ್ಟಿಕೊಳ್ಳಬೇಡಿ. ಲಕೋಟೆ ದಪ್ಪಗಿದೆಯೆಂದು ಜಗಳದ ಪತ್ರವೆಂದುಕೊಂಡು ಪಕ್ಕಕ್ಕೂ ಇಡಬೇಡಿ. ನಮ್ಮ ಬಾನುಲಿ ಕೇಂದ್ರದ ಸದ್ದಿನ ಕೋಣೆಯನ್ನು ಈ ತಿಂಗಳ ಕೊನೆಗೆ ಖಾಲಿ ಮಾಡುತ್ತಾರೆ. ಅಲ್ಲಿ ದುಂಡು ಮೇಜು ಹಾಕಿ ಮೀಟಿಂಗ್ ನಡೆಸುತ್ತಾರಂತೆ. ನಿಮ್ಮ ಜಲ್ಲಿಯ ತಟ್ಟೆ, ಮರಳಿನ ತಟ್ಟೆ, ಒಣ ಎಲೆಯ ಚೀಲ, ನಾಟಕಗಳಲ್ಲಿ ಕುದುರೆ ಓಡಿಸುತ್ತಿದ್ದ ತೆಂಗಿನ ಚಿಪ್ಪುಗಳು, ಗೋಡೆಯೇ ಇಲ್ಲದೆ ಬರೀ ಚೌಕಟ್ಟಿನಲ್ಲಿ ನಿಂತಿರುವ ಆ ಮೂರು ಚಿಲಕದ ಬಾಗಿಲು, ಎಲ್ಲವೂ ನೀವು ಬಿಟ್ಟುಹೋದಲ್ಲೇ ಇವೆ. ಬೇಕಾದವರು ಬಂದು ತೆಗೆದುಕೊಂಡು ಹೋಗಲಿ ಎಂದು ನಿರ್ದೇಶಕರು ಹೇಳಿದ್ದಾರೆ. ನಿಮಗೆ ಬರೆಯಲು ಹೇಳಿದವರೂ ಅವರೇ. ಜೊತೆಗೆ ನಮ್ಮ ಭಂಡಾರದಿಂದ ಒಂದು ಸದ್ದು ಕಳೆದುಹೋಗಿದೆ, ಅದನ್ನು ಮತ್ತೆ ಮಾಡಿಕೊಡಲು ನಿಮ್ಮ ಕಾಲೇ ಬೇಕು. ಆದ್ದರಿಂದ ತಿಂಗಳು ಮುಗಿಯುವುದರೊಳಗೆ ನೀವು ಇಲ್ಲಿಗೆ ಬರಬೇಕು. ಕೆಲಸದ ವಿಷಯ ಇಷ್ಟೇ.

ಇಷ್ಟಕ್ಕೆ ಒಂದು ಕಾರ್ಡು ಸಾಕಿತ್ತಲ್ಲ ಎನ್ನುತ್ತೀರಿ. ಸಾಕಿತ್ತು. ನೀವು ಪ್ರತಿ ತಿಂಗಳು ಅತ್ತೆಗೆ ಬರೆಯುವ ಕಾರ್ಡಿನಲ್ಲಿ ನಾಲ್ಕೇ ಸಾಲಿರುತ್ತವೆ, ಅದನ್ನು ಅವರಿಗೆ ಓದಿ ಹೇಳುವವಳು ನಾನೇ. ಮನೆಯವರೆಲ್ಲ ಕ್ಷೇಮವೆಂದು ನಂಬಿದ್ದೇನೆ ಎಂದು ಕೊನೆಯಲ್ಲಿ ಬರೆಯುತ್ತೀರಿ. ಮನೆಯವರೆಲ್ಲ ಎಂದರೆ ಯಾರು? ನಿಮ್ಮ ಅಮ್ಮ, ನಾನು, ಕುಂಟುವ ಆ ಸ್ಟೂಲು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ಇಷ್ಟೇ ಏನೇ, ಹಿಂದೆ ಮುಂದೆ ಇನ್ನೇನೂ ಬರೆದಿಲ್ಲವಾ ಎಂದು ಅತ್ತೆ ಪ್ರತಿ ಸಲವೂ ಕೇಳುತ್ತಾರೆ. ನಾನು ಒಂದೆರಡು ಸಾಲು ಸೇರಿಸಿ ಓದುತ್ತೇನೆ. ಹೋದ ತಿಂಗಳು ನೀವು ಅಲ್ಲಿ ತೆಳ್ಳಗಾಗಿದ್ದೀರಿ ಎಂದು ಓದಿಬಿಟ್ಟೆ. ಅವರು ಮನೆತುಂಬ ಅದನ್ನೇ ಹೇಳಿಕೊಂಡು ಓಡಾಡಿದರು. ಮುಂದಿನ ಕಾರ್ಡಿನಲ್ಲಿ ದಪ್ಪಗಾಗುತ್ತೀರಿ, ಗಾಬರಿಯಾಗಬೇಡಿ.

ನೀವು ಸಿಟ್ಟು ಮಾಡಿಕೊಂಡು ಊರು ಬಿಟ್ಟು ಆ ನಾಟಕ ಮಂಡಳಿ ಸೇರಿದ್ದೇಕೆಂದು ನಿಮಗೆ ನಾನು ಹೇಳಬೇಕಿಲ್ಲ. ಆದರೆ ನನ್ನ ಕಡೆಯ ಮಾತನ್ನು ಆ ದಿನ ನೀವು ಕೇಳಲಿಲ್ಲ, ಈಗ ಕೇಳಿ. ಸದ್ದುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ನಾಟಕ ನಡೆಯುವಾಗ ಹೆಸರು ಕೊಟ್ಟರೆ ಸದ್ದು ಬರುವ ಹಾಗೆ ಮಾಡಬೇಕೆಂದು ನಿರ್ದೇಶಕರು ಹೇಳಿದರು. ಧ್ವನಿ ಭಂಡಾರ ನೋಡಿಕೊಳ್ಳುವವಳು ನಾನು, ಕಲಿಯುವ ಪಾಳಿ ನನಗೆ ಬಂತು. ನೀವು ಜಲ್ಲಿಯ ತಟ್ಟೆಯ ಮೇಲೆ ನಿಂತುಕೊಂಡೇ, "ಸದ್ದಿಗೆ ಹೆಸರಿಟ್ಟು ಡಬ್ಬಿಗೆ ತುಂಬಿದ್ರೆ ಅದು ಸತ್ತ ಹಾಗೇ. ಪ್ರತಿ ಸಲ ಹೊಸದಾಗಿ ಹುಟ್ಟಬೇಕು ಅದು," ಎಂದಿರಿ. ಹೆಸರಿಡದಿದ್ದರೆ ಹುಡುಕುವುದು ಹೇಗೆ ಎಂದು ನಾನು ಕೇಳಿದೆ. ನೀನು ಪಟ್ಟಿಯಮ್ಮ, ನಿನಗೆ ಪಟ್ಟಿ ಸಿಕ್ಕಿದರೆ ಹಬ್ಬ ಎಂದಿರಿ. ಆ ಹೆಸರು ಈಗ ಕೇಂದ್ರದಲ್ಲೆಲ್ಲ ಹಬ್ಬಿದೆ. ಬಾಗಿಲು ಕಾಯುವವನೂ ಪಟ್ಟಿಯಮ್ಮ ಬಂದ್ರು ಎನ್ನುತ್ತಾನೆ. ಹೆಸರಿಟ್ಟರೆ ಸಾಯುವುದಾದರೆ ನಾನು ಎಂದೋ ಸಾಯಬೇಕಿತ್ತು.

ಕಲಿಸಲು ಬಂದವಳು ಚಿಕ್ಕ ಹುಡುಗಿ. ನಮಗೊಬ್ಬಳು ಮಗಳಿದ್ದಿದ್ದರೆ ಅಷ್ಟಾಗಿರುತ್ತಿದ್ದಳು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಾಳೆ. ನಾನು ಮರಿ ಮೇಷ್ಟ್ರು ಎಂದು ಕರೆಯುತ್ತೇನೆ. ಮೊದಲ ದಿನ ಅವಳು ಡಿಕ್ಷನರಿ ಎಂಬ ಸಂಗತಿಯ ಬಗ್ಗೆ ಹೇಳಿದಳು. ಪದಗಳ ಅರ್ಥ ಹೇಳುವ ಪುಸ್ತಕವಲ್ಲ. ದೊಡ್ಡ ಸಭಾಂಗಣಗಳ ಬಾಗಿಲಲ್ಲಿ ಕೊಡೆ ಇಟ್ಟು ಬಿಲ್ಲೆ ಪಡೆಯುತ್ತೇವಲ್ಲ, ಹಾಗೆ. ಬಿಲ್ಲೆ ಕೊಟ್ಟರೆ ಕೊಡೆ ಬರುತ್ತದೆ. ಬಿಲ್ಲೆಗೆ ಕೀ ಎನ್ನುತ್ತಾರೆ, ಕೊಡೆಗೆ ವ್ಯಾಲ್ಯೂ. ಎಡಗಡೆ ಸದ್ದಿನ ಹೆಸರು, ಮಧ್ಯೆ ಒಂದರ ಮೇಲೊಂದು ಎರಡು ಚುಕ್ಕೆ, ಬಲಗಡೆ ಆ ಸದ್ದಿನ ಕಡತ ಕಂಪ್ಯೂಟರಿನಲ್ಲಿ ಎಲ್ಲಿದೆ ಎಂಬ ವಿಳಾಸ. ಇಂಥ ಜೋಡಿಗಳನ್ನೆಲ್ಲ ಒಂದು ಆವರಣದೊಳಗೆ ಕೂರಿಸಿದರೆ ಮುಗಿಯಿತು. ಎಷ್ಟು ಸಾವಿರ ಜೋಡಿ ಇದ್ದರೂ ಅದು ಒಂದೊಂದಾಗಿ ತಡಕಾಡುವುದಿಲ್ಲ, ಹೆಸರು ಹೇಳಿದೊಡನೆ ನೇರ ಅಲ್ಲಿಗೇ ಹೋಗುತ್ತದೆ. ಮನೆಯಲ್ಲಿ ನೀವು ಇನ್ನೊಂದು ಚಪ್ಪಲಿ ಹುಡುಕುತ್ತಿದ್ದ ಹಾಗಲ್ಲ.

ಅದಕ್ಕೂ ಒಂದು ಸ್ವಭಾವವಿದೆ. ಇಲ್ಲದ ಹೆಸರನ್ನು ಕೇಳಿದರೆ ಇಲ್ಲ ಎಂದು ಹೇಳಿ ಮುಂದೆ ಹೋಗುವುದಿಲ್ಲ, ಇಡೀ ಕೆಲಸ ನಿಲ್ಲಿಸಿ ಮುನಿಸಿಕೊಂಡು ಕೂರುತ್ತದೆ. ಈ ಗುಣವನ್ನು ನಾನು ಬೇರೆ ಕಡೆಯೂ ಕಂಡಿದ್ದೇನೆ, ಹೋಗಲಿ ಬಿಡಿ. ನೇರ ಪ್ರಸಾರದ ನಡುವೆ ಹೀಗಾದರೆ ಗತಿಯೇನು? ಅದಕ್ಕೆ ಮರಿ ಮೇಷ್ಟ್ರು ಇನ್ನೊಂದು ಬಗೆ ಕಲಿಸಿದಳು. ಗೆಟ್ ಎಂದು ಬರೆದು ಹೆಸರು ಕೊಟ್ಟು, ಅದು ಸಿಗದಿದ್ದರೆ ಇಂಥದ್ದನ್ನು ಕೊಡು ಎಂದು ಪಕ್ಕದಲ್ಲೇ ಹೇಳಿಡಬಹುದು. ಆಗ ಮುನಿಸೂ ಇಲ್ಲ, ನಿಲ್ಲುವುದೂ ಇಲ್ಲ. ಸಿಗದಿದ್ದರೆ ಏನು ಕೊಡಬೇಕು ಮೇಡಂ ಎಂದು ಕೇಳಿದಳು. ನಾನು ಯೋಚನೆಯನ್ನೂ ಮಾಡದೆ ಮೌನ ಎಂದೆ.

ಯಾವ ಮೌನ ಎಂದು ನಿಮಗೆ ಗೊತ್ತಿರಬೇಕು. ಏನೂ ಇಲ್ಲದ ನಿಶ್ಶಬ್ದ ರೇಡಿಯೋದಲ್ಲಿ ಕೆಟ್ಟುಹೋದ ಹಾಗೆ ಕೇಳಿಸುತ್ತದೆ, ಪ್ರತಿ ಕೋಣೆಗೂ ಅದರದೇ ಒಂದು ಮೌನ ಇರುತ್ತದೆ, ಅದನ್ನೂ ಹಿಡಿದಿಟ್ಟುಕೊಳ್ಳಬೇಕು ಎಂದು ನೀವು ನಮ್ಮ ಊಟದ ಕೋಣೆಯಲ್ಲಿ ಮೈಕು ನಿಲ್ಲಿಸಿ, ಗಡಿಯಾರದ ಬಾಯಿ ಕಟ್ಟಿ, ನನ್ನನ್ನು ಅಲುಗಾಡದೆ ಕೂರಿಸಿದಿರಲ್ಲ, ಆ ಮೌನ. ನಮ್ಮ ಡಿಕ್ಷನರಿಗೆ ಮೊದಲು ಸೇರಿದ್ದು ಅದು.

ಎರಡನೆಯದಾಗಿ ಸೇರಿಸಿದ್ದು ಮೆಟ್ಟಿಲು.

ನಮ್ಮ ಮೆಟ್ಟಿಲೇ. ಕನ್ನಡಿ ಅಂಗಡಿಯ ಪಕ್ಕದಿಂದ ಮೇಲೆ ಹತ್ತಿ ಬರುವ ಮರದ ಮೆಟ್ಟಿಲು. ಮೇಲಿನಿಂದ ಮೂರನೆಯದು ನರಳುತ್ತದೆ. ನೀವು ಬಾಗಿಲು ತಟ್ಟಿದವರೇ ಅಲ್ಲ. ಕೆಲಸದಿಂದ ಬಂದಾಗ ಆ ನರಳುವ ಮೆಟ್ಟಿಲ ಮೇಲೆ ನಿಂತು ಎರಡು ಸಲ ಒತ್ತುತ್ತಿದ್ದಿರಿ, ಒಳಗೆ ನಾನು ಚಹಾಕ್ಕೆ ನೀರಿಡಲಿ ಎಂದು. ಯಾವುದೋ ನಾಟಕಕ್ಕೆ ಬೇಕೆಂದು ನೀವೇ ಅದನ್ನು ಹಾಗೆಯೇ ಧ್ವನಿಮುದ್ರಣ ಮಾಡಿದ್ದಿರಿ. ನಾನು ಅದಕ್ಕೆ ಮೆಟ್ಟಿಲು ಎಂದಷ್ಟೇ ಹೆಸರಿಟ್ಟೆ. ಮರಿ ಮೇಷ್ಟ್ರು ಪರದೆ ನೋಡಿ, "ಯಾವ ಮೆಟ್ಟಿಲು ಮೇಡಂ? ಮರದ್ದಾ, ಕಲ್ಲಿಂದಾ? ಹತ್ತೋದಾ, ಇಳಿಯೋದಾ? ಹೆಸರು ಪೂರ್ತಿ ಇಡಿ, ಇಲ್ಲಾಂದ್ರೆ ಆಮೇಲೆ ಕಷ್ಟ," ಎಂದಳು. ಬೇರೆ ಎಲ್ಲದಕ್ಕೂ ಪೂರ್ತಿ ಹೆಸರಿಟ್ಟೆ. ಜಲ್ಲಿಯ ಮೇಲೆ ಓಟ, ಚಿಲಕ ತೆಗೆದ ಬಾಗಿಲು, ದೂರದ ಕುದುರೆ, ಹೀಗೆ. ಇದೊಂದಕ್ಕೆ ಮಾತ್ರ ಯಾಕೋ ಮನಸ್ಸಾಗಲಿಲ್ಲ. ಮೆಟ್ಟಿಲು ಎಂದರೆ ನನಗೆ ಒಂದೇ.

ಒಂದು ಸಂಜೆ ಪರೀಕ್ಷೆ ಮಾಡಿ ನೋಡೋಣವೆಂದು ಕಂಪ್ಯೂಟರನ್ನು ಮನೆಗೆ ತಂದೆ. ಅತ್ತೆಯ ಕಣ್ಣು ಈಗ ಇನ್ನಷ್ಟು ಮಂಜಾಗಿದೆ. ಹೆಜ್ಜೆಯಲ್ಲೇ ಜನರನ್ನು ಗುರುತಿಸುತ್ತಾರೆ. ಹಾಲಿನವನು, ಮನೆ ಮಾಲೀಕರು, ನಾನು, ಸಿಟ್ಟು ಬಂದಿರುವ ನಾನು, ಎಲ್ಲ ಅವರಿಗೆ ಬೇರೆ ಬೇರೆ. ಅವರು ಮೂಲೆಯಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದರು. ನಾನು ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು, ಮೆಟ್ಟಿಲು ಎಂದು ಟೈಪು ಮಾಡಿದೆ. ಬಂತು. ಕೆಳಗಿನ ಮೆಟ್ಟಿಲು, ನಡುವಿನ ತಿರುವು, ಎಡಗಾಲನ್ನು ತುಸು ಎಳೆಯುವ ನಿಮ್ಮ ನಡಿಗೆ, ಮೇಲೆ ನರಳುವ ಹಲಗೆ, ಒಮ್ಮೆ, ಇನ್ನೊಮ್ಮೆ. ಅತ್ತೆ ಮೊರ ಪಕ್ಕಕ್ಕಿಟ್ಟು ಎದ್ದರು. "ಬಂದ ಕಣೇ, ನೀರಿಡು," ಎಂದು ಹೇಳಿ ಗೋಡೆ ಹಿಡಿದುಕೊಂಡು ಬಾಗಿಲ ಕಡೆ ನಡೆದರು. ಅವರನ್ನು ತಡೆದು ನಿಜ ಹೇಳಬೇಕಾದವಳು ನಾನು. ನಾನೇನು ಮಾಡಿದೆ ಗೊತ್ತೇ? ಎದ್ದು ಹೋಗಿ ಒಲೆ ಹಚ್ಚಿದೆ. ನನ್ನ ಬೆರಳಿನಿಂದಲೇ ಆ ಹೆಸರು ಟೈಪು ಮಾಡಿದವಳು, ಎಲ್ಲ ತಿಳಿದವಳು, ಹೋಗಿ ಒಲೆ ಹಚ್ಚಿ ಪಾತ್ರೆಗೆ ಮೂರು ಲೋಟ ನೀರು ಸುರಿದೆ.

ಅತ್ತೆ ಬಾಗಿಲು ತೆರೆದು ಸ್ವಲ್ಪ ಹೊತ್ತು ಹೊರಗಿನ ಗಾಳಿಗೆ ಮುಖ ಕೊಟ್ಟು ನಿಂತಿದ್ದರು. ನಾನು ಹೋಗಿ ಹೇಳಿದೆ. ಅವರು ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಬಂದು ಕಂಪ್ಯೂಟರಿನ ಮೇಲೆ ಕೈಯಾಡಿಸಿ, ಇದರೊಳಗೆ ಇನ್ನೂ ಯಾರ್ಯಾರಿದ್ದಾರೆ ಎಂದು ಕೇಳಿದರು. ಮೂರು ಲೋಟದ ಚಹಾವನ್ನು ಇಬ್ಬರೂ ಕುಡಿದು ಮುಗಿಸಿದೆವು. ಮರುದಿನ ಸಂಜೆ ಅವರೇ ಮೆಲ್ಲಗೆ, ಅವನನ್ನು ಒಂದು ಸಲ ಹತ್ತಿಸೇ ಎಂದರು. ಹತ್ತಿಸಿದೆ. ಅಂದಿನಿಂದ ದಿನವೂ ಸಂಜೆ ನೀವು ಮನೆಗೆ ಬರುತ್ತಿದ್ದಿರಿ. ಈ ವಿಷಯ ನಿಮಗೆ ಗೊತ್ತಿಲ್ಲ.

ಅತ್ತೆ ಎದ್ದರು. ಮುಂದಿನದು ಆಮೇಲೆ.

ಬುಧವಾರ

ಅವರೆದುರು ಬರೆಯಲು ಆಗುವುದಿಲ್ಲ. ಕಾಗದದ ಮೇಲೆ ಪೆನ್ನು ಓಡುವ ಸದ್ದೂ ಅವರಿಗೆ ಕೇಳಿಸುತ್ತದೆ, ಅವನಿಗಾ ಎಂದು ಕೇಳುತ್ತಾರೆ. ಈಗ ಊಟದ ಬಿಡುವಿನಲ್ಲಿ ನಿಮ್ಮ ಸದ್ದಿನ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಒಣ ಎಲೆಗಳು ಪುಡಿಯಾಗಿವೆ. ಜಲ್ಲಿ ಹಾಗೇ ಇದೆ.

ಸದ್ದು ಕಳೆದ ಕಥೆ ಹೇಳುತ್ತೇನೆ. ನಿರ್ದೇಶಕರು ಹೊರಗಿನಿಂದ ಸದ್ದುಗಳ ಒಂದು ದೊಡ್ಡ ಕಟ್ಟು ತರಿಸಿದರು. ಎಲ್ಲ ಚೊಕ್ಕಟ, ಎಲ್ಲಕ್ಕೂ ಹೆಸರಿದೆ, ಸೇರಿಸಿಬಿಡಿ ಎಂದರು. ನಾನು ಈಗ ಪಳಗಿದವಳು, ಕೈಯಿಂದ ಒಂದೊಂದಾಗಿ ಸೇರಿಸುವುದಿಲ್ಲ. ಕಟ್ಟಿನಲ್ಲಿರುವ ಪ್ರತಿ ಹೆಸರನ್ನು ಎತ್ತಿಕೋ, ಡಿಕ್ಷನರಿಯಲ್ಲಿ ಆ ಹೆಸರಿನ ಮುಂದೆ ಅದರ ವಿಳಾಸ ಬರೆ ಎಂದು ಎರಡು ಸಾಲು ಬರೆದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯಿತು. ಬೆನ್ನು ನೇರ ಮಾಡಿಕೊಂಡು ಹೋಗಿ ಚಹಾ ಕುಡಿದು ಬಂದೆ. ನೀವಿದ್ದಿದ್ದರೆ ಏನು ಪಟ್ಟಿಯಮ್ಮ, ಇವತ್ತು ಕಾಲು ನೆಲದ ಮೇಲಿಲ್ಲ ಎನ್ನುತ್ತಿದ್ದಿರಿ.

ಆ ಕಟ್ಟಿನಲ್ಲೂ ಒಂದು ಮೆಟ್ಟಿಲು ಇತ್ತು. ಡಿಕ್ಷನರಿಯಲ್ಲಿ ಒಂದು ಹೆಸರಿಗೆ ಒಂದೇ ಸ್ಥಾನ. ಇಲ್ಲದ ಹೆಸರು ಕೇಳಿದರೆ ಅಷ್ಟು ಮುನಿಸಿಕೊಳ್ಳುವ ಅದು, ಇರುವ ಹೆಸರಿಗೆ ಬೇರೆಯದನ್ನು ತಂದು ಕೂರಿಸಿದರೆ ಒಂದು ಮಾತೂ ಆಡುವುದಿಲ್ಲ. ಹಳೆಯದು ಎದ್ದು ಹೋಗುತ್ತದೆ, ಹೊಸದು ಕೂರುತ್ತದೆ, ಅಷ್ಟೇ. ಈ ಹೆಸರು ಮೊದಲೇ ಇದೆಯೇ ಎಂದು ಕೇಳಿ ನೋಡಲು ಒಂದೇ ಒಂದು ಸಾಲು ಬರೆಯಬೇಕಿತ್ತು, ಮರಿ ಮೇಷ್ಟ್ರು ಕಲಿಸಿಯೂ ಇದ್ದಳು. ಪೂರ್ತಿ ಹೆಸರಿದ್ದ ನಿಮ್ಮ ಕುದುರೆ, ಬಾಗಿಲು, ಓಟ ಎಲ್ಲ ಉಳಿದುಕೊಂಡವು. ಹೋದದ್ದು ನಾನು ಮನಸ್ಸಾಗದೆ ಅರ್ಧ ಹೆಸರಿಟ್ಟ ಅದೊಂದೇ.

ಗೊತ್ತಾದದ್ದು ಅದೇ ದಿನ, ಶುಕ್ರವಾರದ ನಾಟಕದಲ್ಲಿ. ಬಹಳ ಕಾಲದ ಮೇಲೆ ಗಂಡ ಮನೆಗೆ ಮರಳುವ ಕಥೆ. ಹೆಂಡತಿಯ ಪಾತ್ರದವಳು ಮಾತಾಡುತ್ತಿರುವಾಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಬೇಕು, ಅವಳು ಮಾತು ನಿಲ್ಲಿಸಬೇಕು. ನಾನು ಇದಕ್ಕಾಗಿ ವಾರದಿಂದ ಕಾದಿದ್ದೆ. ಊರೆಲ್ಲ ನಿಮ್ಮ ಹೆಜ್ಜೆ ಕೇಳಲಿ ಎಂದು ಒಂದು ಆಸೆ ಇತ್ತು, ನೀವಿರುವ ಊರಲ್ಲಿ ಕೂತು ನೀವೂ ಕೇಳಬಹುದು ಎಂಬ ಇನ್ನೊಂದು ಆಸೆಯೂ ಇತ್ತು. ಹೆಸರು ಕೊಟ್ಟೆ. ಬೂಟುಗಾಲಿನವನೊಬ್ಬ ಕಲ್ಲಿನ ಮೆಟ್ಟಿಲನ್ನು ದಡದಡ ಹತ್ತಿ ಬಂದ. ತಿರುವಿನಲ್ಲಿ ನಿಲ್ಲಲಿಲ್ಲ, ಕಾಲೆಳೆಯಲಿಲ್ಲ, ಎಲ್ಲೂ ಏನೂ ನರಳಲಿಲ್ಲ, ಸಾಲ ವಸೂಲಿಗೆ ಬಂದವನ ಹಾಗೆ ನೇರ ಬಂದು ನಿಂತ. ನಟಿ ಅಳಬೇಕಿತ್ತು, ಅತ್ತಳು. ನಿರ್ದೇಶಕರು ಗಾಜಿನ ಆಚೆಯಿಂದ ಚೆನ್ನಾಗಿ ಬಂತು ಎಂದು ಕೈಸನ್ನೆ ಮಾಡಿದರು. ನಾನು ಮಾತ್ರ ಹೆಸರನ್ನು ಸರಿಯಾಗಿ ಕೊಟ್ಟೆನೇ ಎಂದು ಪರದೆಯನ್ನು ಮತ್ತೆ ಮತ್ತೆ ಓದಿದೆ.

ಮನೆಗೆ ಬಂದರೆ ಅತ್ತೆ ರೇಡಿಯೋ ಆರಿಸಿ ಕೂತಿದ್ದರು. "ಯಾರೇ ಅವನು? ಯಾರದೋ ಮನೆಗೆ ಹೋಗೋನು ಇವಳ ಮನೆಗೆ ಬಂದ. ಪಾಪ, ಅವಳೂ ನೋಡದೆ ಬಾಗಿಲು ತೆಗೆದಳು," ಎಂದರು. ಆಮೇಲೆ, ನಮ್ಮವನನ್ನು ಹತ್ತಿಸು ಎಂದರು. ಇವತ್ತು ಬೇಡ ಅತ್ತೆ ಎಂದೆ.

ಅವರು ಮಲಗಲು ಹೋದ ಮೇಲೆ ಕಂಪ್ಯೂಟರ್ ತೆರೆದು ಡಿಕ್ಷನರಿಯನ್ನು ಪೂರ್ತಿ ಪರದೆಗೆ ತಂದೆ. ಸೇರಿಸಿದ ಕ್ರಮದಲ್ಲೇ ಎಲ್ಲ ಬಂದವು. ಮೊದಲು ಮೌನ, ಎರಡನೆಯದು ಮೆಟ್ಟಿಲು. ಸಾಲು ಸ್ವಲ್ಪವೂ ಅಲುಗಾಡಿರಲಿಲ್ಲ. ಹೊಸಬ ಬಂದು ಕೊನೆಯಲ್ಲಿ ನಿಂತಿದ್ದರೆ ಇಷ್ಟು ನೋಯುತ್ತಿರಲಿಲ್ಲ, ಅವನು ನಿಮ್ಮ ಜಾಗದಲ್ಲೇ ಕೂತಿದ್ದ. ಎಲ್ಲಾದರೂ ಬೇರೆ ಹೆಸರಿನಲ್ಲಿ ಇರಬಹುದೇ ಎಂದು ಹುಚ್ಚಿಯ ಹಾಗೆ ಒಂದೊಂದೇ ಹೆಸರು ಕೊಟ್ಟು ಕೇಳಿದೆ. ನಮ್ಮ ಮೆಟ್ಟಿಲು ಎಂದು ಕೇಳಿದೆ. ದೊರೆ ಎಂದು ಕೇಳಿದೆ. ಕೊನೆಗೆ, ಬಾಯಿಬಿಟ್ಟು ಎಂದೂ ಕರೆಯದ ನಿಮ್ಮ ಹೆಸರನ್ನೇ ಟೈಪು ಮಾಡಿದೆ. ಯಾವ ಹೆಸರಿಗೂ ಅದು ಮುನಿಸಿಕೊಳ್ಳಲಿಲ್ಲ, ಇಲ್ಲ ಎನ್ನಲೂ ಇಲ್ಲ. ನಾನೇ ಹೇಳಿಟ್ಟಿದ್ದೆನಲ್ಲ, ಸಿಗದಿದ್ದರೆ ಮೌನ ಕೊಡು ಎಂದು. ಪ್ರತಿ ಸಲವೂ ನಮ್ಮ ಮನೆಯ ಮೌನವನ್ನೇ ಕೊಟ್ಟಿತು.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುವವರು ಈ ಮೌನವನ್ನು ಕೇಳಿಲ್ಲ. ಅದನ್ನು ನಾನು ಕೊನೆಯವರೆಗೆ ಹಿಂದೆಂದೂ ಕೇಳಿರಲಿಲ್ಲ. ನಾಟಕದಲ್ಲಿ ಒಂದೆರಡು ಕ್ಷಣಕ್ಕಿಂತ ಹೆಚ್ಚು ಯಾರಿಗೆ ಬೇಕು? ಅಂದು ಕೇಳಿದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ನೀವು ಉಸಿರು ಬಿಗಿಹಿಡಿದಿರುವುದು ಕೇಳಿಸುತ್ತದೆ, ಹೇಗೆ ಎಂದು ಕೇಳಬೇಡಿ, ಕೇಳಿಸುತ್ತದೆ. ಇನ್ನೂ ಆಮೇಲೆ ನಾನು ನಗು ತಡೆಯಲಾರದೆ ಮೂಗಿನಿಂದ ಬಿಟ್ಟ ಒಂದು ಸಣ್ಣ ಸದ್ದು, ನೀವು ಶ್ ಎಂದದ್ದು, ಶ್ ಎನ್ನುತ್ತಲೇ ನಿಮಗೂ ನಗು ಬಂದದ್ದು. ಅಲ್ಲಿಗೆ ನಿಂತುಹೋಗುತ್ತದೆ. ನಿಮ್ಮನ್ನು ನೆನೆದು ನಾನು ಅತ್ತಿಲ್ಲ ಎಂದು ಅತ್ತೆಯ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ. ಅಂದು ನಾನು ಅತ್ತುಬಿಟ್ಟೆ.

ಶನಿವಾರ ಬೆಳಿಗ್ಗೆ ಇನ್ನೊಂದು ಪ್ರಯತ್ನ ಮಾಡಿದೆ. ನಗಬೇಡಿ. ನೀವು ಬಿಟ್ಟುಹೋದ ಹಳೆಯ ಬೂಟು ಹಾಕಿಕೊಂಡು, ಮೈಕು ಬಾಗಿಲಲ್ಲಿಟ್ಟು, ನಾನೇ ಮೆಟ್ಟಿಲು ಹತ್ತಿದೆ. ಎಡಗಾಲನ್ನು ಎಳೆದೆ. ಮೇಲೆ ಬಂದು ಎರಡು ಸಲ ಒತ್ತಿದೆ. ಒಳಗಿನಿಂದ ಅತ್ತೆ, "ಅವನ ಬೂಟು ಹಾಕ್ಕೊಂಡು ಯಾಕೆ ಒದ್ದಾಡ್ತೀಯೇ, ಬಿದ್ದು ಕಾಲು ಮುರ್ಕೊಂಡೀಯ," ಎಂದು ಕೂಗಿದರು. ಅಷ್ಟಕ್ಕೆ ಬಿಟ್ಟೆ. ನಿಮ್ಮ ಅಮ್ಮನಿಗೆ ಮೋಸ ಮಾಡುವಷ್ಟು ಕಲೆ ನನ್ನ ಕಾಲಿಗಿಲ್ಲ.

ಮರಿ ಮೇಷ್ಟ್ರಿಗೆ ವಿಷಯ ಹೇಳಿದಾಗ ಅವಳು ಕನ್ನಡಕ ಹುಡುಕುತ್ತಲೇ, ಮೊದಲೇ ಆ ಹೆಸರಿನ ಮುಂದೆ ಒಂದು ವಿಳಾಸದ ಬದಲು ವಿಳಾಸಗಳ ಸಾಲನ್ನೇ ಇಟ್ಟಿದ್ದರೆ ಎಷ್ಟು ಮೆಟ್ಟಿಲುಗಳನ್ನಾದರೂ ಒಂದೇ ಹೆಸರಿನಲ್ಲಿ ಇಡಬಹುದಿತ್ತು, ಯಾರೂ ಯಾರನ್ನೂ ಎಬ್ಬಿಸುತ್ತಿರಲಿಲ್ಲ ಎಂದಳು. ಒಂದು ಹೆಸರಿಗೆ ಇಬ್ಬರು ಮೂವರೇ, ನಮ್ಮ ಮನೆಯಲ್ಲಿ ಆ ಪದ್ಧತಿ ಇಲ್ಲಮ್ಮ ಎಂದೆ. ನಿಮ್ಮ ನಾಟಕ ಮಂಡಳಿಯಲ್ಲಿ ಏನು ಪದ್ಧತಿಯೋ ಕಾಣೆ. ಅಲ್ಲಿ ನಾಯಕಿ ಪಾತ್ರ ಮಾಡುವವಳು ಚೆನ್ನಾಗಿ ಹಾಡುತ್ತಾಳೆ ಎಂದು ಎರಡು ಕಾರ್ಡಿನಲ್ಲಿ ಬರೆದಿದ್ದೀರಿ. ಅತ್ತೆಗೆ ಅದನ್ನು ನಾನು ಓದಿಲ್ಲ.

ಇಷ್ಟು ಬರೆದ ಮೇಲೆ ಕೆಲಸದ ಪತ್ರ ಎಂಬ ಸೋಗು ಏಕೆ? ನಿರ್ದೇಶಕರು ನಿಮಗೆ ಬರೆಯಲು ಹೇಳಿಲ್ಲ. ಹಳೆಯ ಸಾಮಾನು ಎಸೆದುಬಿಡಿ ಎಂದರು. ತಿಂಗಳ ಕೊನೆಯವರೆಗೆ ತಡೆಯಿರಿ ಎಂದು ಕೇಳಿಕೊಂಡವಳು ನಾನು. ಕೇಂದ್ರಕ್ಕೆ ಆ ಬೂಟುಗಾಲಿನವನೇ ಸಾಕು, ಅವನು ಮುಂದಿನ ವಾರ ಎರಡು ನಾಟಕಗಳಲ್ಲಿ ಹತ್ತುತ್ತಾನೆ. ನಿಮ್ಮ ಕಾಲಿನ ಸದ್ದು ಇಲ್ಲದೆ ಇಲ್ಲಿ ಯಾವ ಕೆಲಸವೂ ನಿಂತಿಲ್ಲ. ನಿಂತಿರುವುದು ನಾನು ಮಾತ್ರ.

ಹೆಸರಿಟ್ಟರೆ ಸದ್ದು ಸಾಯುತ್ತದೆ ಎಂದಿರಲ್ಲ, ಅದನ್ನು ನಾನು ಬಹಳ ಯೋಚಿಸಿದ್ದೇನೆ. ಸಾಯಲಿಲ್ಲ. ಆ ಕಂಪ್ಯೂಟರ್ ಪೆಟ್ಟಿಗೆಯೊಳಗಿಂದ ಬಂದದ್ದು ನೀವೇ, ಇಲ್ಲದಿದ್ದರೆ ಹೆತ್ತ ತಾಯಿ ಎದ್ದು ಬಾಗಿಲಿಗೆ ಹೋಗುತ್ತಿರಲಿಲ್ಲ. ಆದರೆ ನೀವು ಹೇಳಿದ್ದರಲ್ಲೂ ಅರ್ಧ ನಿಜವಿದೆ. ದಿನವೂ ಒಂದೇ ರೀತಿ ಹತ್ತಿದಿರಿ. ಒಂದು ಸಂಜೆಯೂ ದಣಿದಿರಲಿಲ್ಲ, ಒಂದು ಸಂಜೆಯೂ ಕೈಯಲ್ಲಿ ಚೀಲವಿರಲಿಲ್ಲ, ನನ್ನ ಮೇಲೆ ಸಿಟ್ಟೂ ಇರಲಿಲ್ಲ. ಎರಡು ಸಲ ಒತ್ತುತ್ತೀರಿ, ಆಮೇಲೆ ಏನೂ ಇಲ್ಲ. ಬಾಗಿಲು ತೆರೆಯುವುದಿಲ್ಲ. ಅಲ್ಲಿಂದ ಮುಂದೆ ನಾನು ಎಷ್ಟು ಕೇಳಿದರೂ ಪೆಟ್ಟಿಗೆಯ ಹತ್ತಿರ ಇಲ್ಲ.

ನನಗೆ ನೀವು ಬೇಕು. ಇದನ್ನು ಬರೆಯಲು ಎರಡು ದಿನ, ಇಷ್ಟು ಹಾಳೆ ಬೇಕಾದವು. ಇಲ್ಲಿಗೆ ಬಂದು ನಾನು ಏನು ಮಾಡಲಿ ಎಂದು ಕೇಳುತ್ತೀರಿ. ನನಗೆ ಗೊತ್ತಿಲ್ಲ, ಬಂದ ಮೇಲೆ ಇಬ್ಬರೂ ಕೂತು ಜಗಳವಾಡಿ ತೀರ್ಮಾನಿಸೋಣ. ಸದ್ಯಕ್ಕೆ ಒಂದು ಕೆಲಸವಂತೂ ಇದೆ. ಆ ಮೂರು ಚಿಲಕದ ಬಾಗಿಲನ್ನು ಮನೆಗೆ ತರಬೇಕೆಂದು ಅಳೆದು ನೋಡಿದೆ. ನಮ್ಮ ಮೆಟ್ಟಿಲ ತಿರುವಿನಲ್ಲಿ ಅದು ಒಬ್ಬರಿಂದ ತಿರುಗುವುದಿಲ್ಲ. ಮೇಲಿನಿಂದ ಒಬ್ಬರು ಎಳೆಯಬೇಕು, ಕೆಳಗಿನಿಂದ ಒಬ್ಬರು ಎತ್ತಿಕೊಡಬೇಕು. ಎಳೆಯುವವಳು ಇಲ್ಲೇ ಇದ್ದಾಳೆ.

ಮಂಡಳಿಯವರು ರಜೆ ಕೊಡುವುದಿಲ್ಲ ಎಂದು ಕಾರ್ಡು ಬರೆಯಬೇಡಿ. ಬರೆದರೆ ಅದನ್ನೂ ನಾನೇ ಓದಬೇಕು.

ಇಂತಿ,
ಬಾಗಿಲ ಕಡೆಗೇ ಕಿವಿಯಿಟ್ಟುಕೊಂಡಿರುವ,
ನಿಮ್ಮ ಪಟ್ಟಿಯಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇನ್ನೊಂದು. ಸದ್ದು ಕಳೆದಿಲ್ಲ. ಡಿಕ್ಷನರಿಯಲ್ಲಿ ಹೆಸರಿನ ಮುಂದೆ ಇರುವುದು ವಿಳಾಸ ಮಾತ್ರ ಎಂದು ಮೇಲೆ ನಾನೇ ಬರೆದಿದ್ದೇನೆ. ಬೇರೆ ವಿಳಾಸ ಬರೆದರೆ ಹಳೆಯ ಮನೆ ಬಿದ್ದುಹೋಗುವುದಿಲ್ಲ. ಶನಿವಾರ ಮಧ್ಯಾಹ್ನವೇ ಮರಿ ಮೇಷ್ಟ್ರು ಆ ಕಡತ ಹುಡುಕಿ ತೋರಿಸಿದಳು. ಇದ್ದಲ್ಲೇ ಇತ್ತು, ಅದನ್ನು ಕರೆಯುವ ಹೆಸರು ಇರಲಿಲ್ಲ ಅಷ್ಟೇ. ಈಗ ಏನು ಹೆಸರು ಕೊಡೋಣ ಮೇಡಂ ಎಂದಳು. ಈಗ ಬೇಡ ಎಂದೆ. ಅತ್ತೆ ದಿನವೂ ಸಂಜೆ ಕೇಳುತ್ತಾರೆ, ಪೆಟ್ಟಿಗೆ ಕೆಟ್ಟಿದೆ ಎಂದು ಹೇಳುತ್ತಿದ್ದೇನೆ. ಮನೆ ಮಾಲೀಕರು ನರಳುವ ಮೆಟ್ಟಿಲಿಗೆ ಹೊಸ ಹಲಗೆ ಹಾಕಿಸಲು ನಿನ್ನೆ ಬಡಗಿಯನ್ನು ಕಳಿಸಿದ್ದರು. ತಿಂಗಳು ಮುಗಿಯುವವರೆಗೆ ಅದನ್ನು ಮುಟ್ಟಬೇಡಿ ಎಂದು ವಾಪಸು ಕಳಿಸಿದ್ದೇನೆ. ಎರಡು ಸಲ ಒತ್ತಿ. ನೀರಿಡುತ್ತೇನೆ.